ಕ್ಯಾಸೆಟ್ಟಿನ ತೆಂಗಿನಮರ

ಈಗ ಪೊಲೀಸರು ಎದೆಯ ಮೇಲೇ ಕ್ಯಾಮೆರಾ ಸಿಕ್ಕಿಸಿಕೊಂಡು ಓಡಾಡುತ್ತಾರೆ. ತೊಂಬತ್ತರ ದಶಕದ ಹೊಳೆನರಸೀಪುರದಲ್ಲಿ ಒಂದು ದಿನದ ಮಟ್ಟಿಗೆ ಆ ಕ್ಯಾಮೆರಾ ನಾನೇ ಆಗಿದ್ದೆ.

ನನ್ನ ಕಸುಬು ಮದುವೆಗಳ ವಿಡಿಯೋ ತೆಗೆಯುವುದು. ಅದರಲ್ಲಿ ಮೊದಲು ಕಲಿಯಬೇಕಾದ್ದು, ಬೀಗರು ಜಗಳಕ್ಕೆ ನಿಂತಾಗ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸುವುದು. ನಾನು ತೆಗೆದ ಕ್ಯಾಸೆಟ್ಟಿನಲ್ಲಿ ಚಪ್ಪರದ ಬಾಳೆಗೊನೆ ಬಹಳ ಹೊತ್ತು ಕಂಡರೆ ಅಲ್ಲಿ ಯಾರೋ ಬೈದಾಡಿಕೊಂಡಿದ್ದಾರೆ ಎಂದೇ ಅರ್ಥ.

ಒಮ್ಮೆ ತೆಂಗಿನಕಾಯಿ ಬೆಲೆಗಾಗಿ ರೈತರು ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತರು. ಇನ್‌ಸ್ಪೆಕ್ಟರು ನನ್ನನ್ನು ಕರೆಸಿ ಒಬ್ಬ ಪೇದೆಯನ್ನು ತೋರಿಸಿದರು. "ಇವನ ಬೆನ್ನು ಬಿಡಬೇಡ. ಇವನು ನೋಡಿದ್ದನ್ನೆಲ್ಲ ನಿನ್ನ ಕ್ಯಾಮೆರಾನೂ ನೋಡಬೇಕು. ನಾಳೆ ಯಾರೂ ಸುಳ್ಳು ಹೇಳಬಾರದು" ಎಂದರು.

ಆ ಪೇದೆ ಹೊಲಸು ಬಾಯಿಗೆ ಹೆಸರುವಾಸಿ. ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ತಡ, "ಅಣ್ಣಾರೇ, ವಸಿ ದಾರಿ ಬುಡಿ" ಎನ್ನತೊಡಗಿದರು. ಧಿಕ್ಕಾರ ಕೂಗುವವರೂ ಟವೆಲ್ ಸರಿಮಾಡಿಕೊಂಡು ಕೂಗಿದರು. ಅರ್ಧ ಗಂಟೆ ಇಂಥ ಮರ್ಯಾದೆ ನಡೆಯಿತು.

ಆಮೇಲೆ ನೂಕುನುಗ್ಗಲಾಯಿತು. ಪೇದೆಯ ಪಕ್ಕದಲ್ಲಿದ್ದ, ರುಮಾಲು ಸುತ್ತಿದ್ದ ವಯಸ್ಸಾದ ರೈತರೊಬ್ಬರು ಚರಂಡಿಗೆ ಬಿದ್ದು ತಲೆ ಒಡೆದುಕೊಂಡರು. ಪೇದೆಯೇ ತಳ್ಳಿದ್ದೆಂದು ಜೊತೆಯ ರೈತರು ದೂರು ಕೊಟ್ಟರು.

ಮಾರನೆಯ ಬೆಳಿಗ್ಗೆ ಪೇದೆ ನನ್ನ ಅಂಗಡಿಗೆ ಬಂದರು. "ಬಾಯಲ್ಲಿ ಬೈದಿವ್ನಿ, ಇಲ್ಲ ಅನ್ನಕಿಲ್ಲ. ಕೈಯಲ್ಲಿ ಯಾರ್ನೂ ಮುಟ್ಟೋನಲ್ಲ ಕಣ. ಈಗ ಸಸ್ಪೆಂಡ್ ಮಾಡ್ತಾರಂತೆ. ನಿನ್ನ ಕ್ಯಾಸೆಟ್ಟೇ ನನ್ನ ಕಾಪಾಡ್ಬೇಕು" ಎಂದರು. ಆದರೆ ನೂಕಾಟ ಶುರುವಾದಾಗ ನನ್ನ ಕೈ ಎತ್ತ ತಿರುಗಿತ್ತೆಂದು ನನಗೆ ಗೊತ್ತಿತ್ತು.

ಸ್ಟೇಷನ್ನಿನ ಟಿವಿ ಮುಂದೆ ಇನ್‌ಸ್ಪೆಕ್ಟರು, ಪೇದೆ, ತಲೆಗೆ ಪಟ್ಟಿ ಕಟ್ಟಿಕೊಂಡ ಯಜಮಾನರು ಮತ್ತು ನಾನು ಕೂತೆವು. ಮರ್ಯಾದೆಯ ಅರ್ಧ ಗಂಟೆ ಮುಗಿದದ್ದೇ ಪರದೆ ತುಂಬ ಕಚೇರಿ ಪಕ್ಕದ ತೆಂಗಿನಮರ. ಪೇದೆ ತಲೆಯ ಮೇಲೆ ಕೈ ಹೊತ್ತರು. ಅಷ್ಟರಲ್ಲಿ ಮರದ ಬುಡಕ್ಕೆ ಅಡ್ಡವಾಗಿ ಒಂದು ರುಮಾಲಿನ ತುದಿ ಬಂತು. ಹಿಂದೆಯೇ ನನ್ನ ದನಿ, ಮದುವೆಮನೆಯಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು:

"ಯಜಮಾನ್ರೇ, ಅಡ್ಡ ಬತ್ತಾ ಇದೀರ. ವಸಿ ಹಿಂದಕ್ಕೆ ಸರೀರಿ. ಇನ್ನೂ ವಸಿ. ಇನ್ನೊಂದು ಹೆಜ್ಜೆ."

ರುಮಾಲು ಮರೆಯಾಯಿತು. ಧಪ್ ಎಂಬ ಸದ್ದು ಕೇಳಿಸಿತು. ಮರ ಸ್ಪಷ್ಟವಾಗಿ ಬಂದಿತ್ತು.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಥದೊಂದು ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ.

"ಹಿಂದಕ್ಕೆ ಸರೀರಿ ಅಂದೋರು ಪೋಲೀಸ್ನೋರು ಅಂದ್ಕಂಡಿದ್ದೆ" ಎಂದ ಯಜಮಾನರು ನನ್ನ ಕಡೆ ತಿರುಗಿದರು. "ತೆಂಗಿನ್ಮರ ಬೇಕು ಅಂದಿದ್ರೆ ನಮ್ಮ ತ್ವಾಟದಲ್ಲೇ ಇನ್ನೂರು ಇದ್ವಲ್ಲಪ್ಪ."

ದೂರು ವಾಪಸಾಯಿತು. ಪೇದೆ ನನ್ನನ್ನು ಹೊರಗಡೆ ಕರೆದುಕೊಂಡು ಹೋದರು. ನನ್ನ ಎರಡೂ ಕೈ ನೋಡಿದರು, ಹೆಗಲು ನೋಡಿದರು. ಕ್ಯಾಮೆರಾ ಇಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದರು. ಹಿಂದಿನ ದಿನ ಅರ್ಧ ಗಂಟೆ ತಡೆದಿಟ್ಟದ್ದೆಲ್ಲ ನನ್ನ ಪಾಲಿಗೆ ಬಂತು. ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡೆ.