ದೋಣಿಗೆ ಕಾಯುವ ಹೊತ್ತು

ವಿಡಿಯೋ ಗೇಮಿನ ವಿಷಯಕ್ಕೆ ದೊಡ್ಡವರು ಕೂತು ವಾದ ಮಾಡೋದನ್ನು ನಾನು ಮೊದಲು ಕೇಳಿದ್ದು ಟೋಕಿಯೋದ ನಿಶಿ ಕಸಾಯಿಯ ನಮ್ಮ ಮನೆಯಲ್ಲೇ, ಕೊರೋನಾ ಬಂದ ವರ್ಷ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ, ಹಾಗಾಯ್ತು ಇವರ ಕಥೆ ಅಂದುಕೊಂಡು ಅಡುಗೆಮನೆಯಲ್ಲಿ ನಗುತ್ತಿದ್ದೆ. ಹಳೇ ಗೇಮನ್ನು ಹೊಸ ಕನ್ಸೋಲಿಗೆ, ಅಂದರೆ ಆಡುವ ಹೊಸ ಮೆಷಿನ್ನಿಗೆ, ತರುವಾಗ ಏನು ಬದಲಾಯಿಸಬೇಕು, ಏನು ಬಿಡಬೇಕು ಅನ್ನೋದು ನನ್ನ ಮನೆಯ ವಿಷಯವೂ ಆಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ನನ್ನ ಗಂಡ ಮಾರ್ಚಿನಲ್ಲಿ ತಮ್ಮನ ಮನೆ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದರು. ಮೊದಲು ವಿಮಾನ ನಿಂತವು. ಆಮೇಲೆ ಜಪಾನ್ ಹೊರದೇಶದವರಿಗೆಲ್ಲ ಬಾಗಿಲು ಹಾಕಿತು, ಇಲ್ಲೇ ಮನೆ, ಇಲ್ಲೇ ಕೆಲಸ, ಇಲ್ಲೇ ತೆರಿಗೆ ಕಟ್ಟುವವರಿಗೂ. ಯಾರ ಮೇಲೆ ಕೋಪ ಮಾಡಿಕೊಳ್ಳೋದು? ನಾನು ಗಂಡನ ಮೇಲೇ ಮಾಡಿಕೊಂಡೆ. ವಿಡಿಯೋದಲ್ಲೇ ಗೃಹಪ್ರವೇಶ ನೋಡಿದ್ದರೆ ಹಾಲು ಉಕ್ಕುತ್ತಿರಲಿಲ್ಲವಾ ಅಂತ ದಿನಾ ಕೇಳಿದೆ.

ನಾನು ಹೇಗೋ ಇದ್ದೆ. ಕಷ್ಟವಾಗಿದ್ದು ಮಗಳಿಗೆ, ಆಗ ನಾಲ್ಕನೇ ಕ್ಲಾಸು. ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಇಲ್ಲಾ ಜಪಾನೀಸಿನಲ್ಲಿ. ಸ್ಕೂಲು ಹೇಗಿತ್ತೇ ಅಂದರೆ ನನಗೆ ಸಿಗುತ್ತಿದ್ದುದು ಒಂದೇ ಪದ, ಫೈನ್. ಅಪ್ಪನಿಗೆ ಮಾತ್ರ ಎಲ್ಲ ಹೇಳುತ್ತಿದ್ದಳು, ಅದೂ ಗೇಮ್ ಆಡುವಾಗ.

ಅದೊಂದು ಹಳೇ ಗೇಮ್. ಸಣ್ಣ ಸಣ್ಣ ದ್ವೀಪಗಳು. ಒಂದು ಕಡೆ ಮೀನು ಹಿಡಿಯಬೇಕು, ಇನ್ನೊಂದು ಕಡೆ ಹೋಗಿ ಮಾರಬೇಕು. ದ್ವೀಪದಿಂದ ದ್ವೀಪಕ್ಕೆ ಹೋಗೋದಕ್ಕೆ ಕಟ್ಟೆಯ ಮೇಲೆ ನಿಂತು ದೋಣಿಗೆ ಕಾಯಬೇಕು. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಏನೂ ಆಗುವುದಿಲ್ಲ. ಅಪ್ಪ ಮಗಳು ಸೋಫಾದ ಮೇಲೆ ಒತ್ತಿಕೊಂಡು ಕೂತು ಟೀವಿಯ ಸಮುದ್ರ ನೋಡುತ್ತಿದ್ದರು, ಇವಳ ಬಾಯಿ ಆಗ ಬಿಚ್ಚುತ್ತಿತ್ತು. ಯಾರು ಪಕ್ಕದಲ್ಲಿ ಕೂತರು, ಯಾರು ಡಬ್ಬಿ ನೋಡಿ ಮೂಗು ಮುರಿದರು, ಎಲ್ಲ. ನನ್ನ ಮಗಳ ಸುದ್ದಿಯನ್ನು ನಾನು ಕದ್ದು ಕೇಳಿಸಿಕೊಳ್ಳಬೇಕಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರು ಅಲ್ಲಿ ಉಳಿದ ಮೇಲೆ ಅಪ್ಪನಿಗೂ ಫೈನ್ ಶುರುವಾಯ್ತು. ಹಾಯ್ ಅಪ್ಪಾ, ಫೈನ್ ಅಪ್ಪಾ, ಬೈ ಅಪ್ಪಾ. ಇಬ್ಬರೂ ಫೋನಿನ ಎರಡು ಕಡೆ ಕೂತು ಮಿಕಮಿಕ ನೋಡುತ್ತಿದ್ದರು.

ಅಷ್ಟರಲ್ಲಿ ಆ ಗೇಮ್ ಹೊಸ ಕನ್ಸೋಲುಗಳಿಗೆ ಬಂತು, ಎರಡು ದೇಶದಲ್ಲಿ ಕೂತವರೂ ಜೊತೆಗೆ ಆಡಬಹುದಂತೆ. ಇವಳ ಹತ್ತಿರ ಕೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್ ಇತ್ತು, ಅಲ್ಲಿ ಮೈದುನನ ಮನೆಯಲ್ಲಿ ಟೀವಿಗೆ ಹಾಕುವ ದೊಡ್ಡದು. ಆಟ ಶುರುವಾದ ದಿನ ಮಗಳು ಸ್ನಾನ ಮಾಡಿ, ತಲೆ ಬಾಚಿಕೊಂಡು ಕೂತಿದ್ದಳು. ಸದ್ಯ, ಬದುಕಿದೆ ಅಂದುಕೊಂಡೆ ನಾನು.

ಆದರೆ ಹೊಸ ಗೇಮಿನಲ್ಲಿ ಒಂದು ಬದಲಾವಣೆ ಮಾಡಿದ್ದರು. ಕಟ್ಟೆಗೆ ಹೋದ ತಕ್ಷಣ ದೋಣಿಗೆ ಕಾಯುತ್ತೀರಾ ಅಂತ ಕೇಳುತ್ತೆ. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಸಾಕು, ದೋಣಿ ಆ ಕ್ಷಣವೇ ಬಂದುಬಿಡುತ್ತೆ. ಇವರಿಬ್ಬರಿಗೆ ಪ್ರತಿ ಸಲವೂ ಹಾಗೇ ಬಂತು. ಮೀನು ಹಿಡಿ, ಓಡು, ಮಾರು, ಓಡು. ಮಾತಿಲ್ಲ ಕಥೆಯಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಇವಳು ಆಡೋದನ್ನೇ ಕಡಿಮೆ ಮಾಡಿದಳು. ಯಾಕೇ ಅಂದರೆ, ಅಪ್ಪನಿಗೆ ಬೋರು ಅಂತ ಜಪಾನೀಸಿನಲ್ಲಿ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಇವರು ವಾಪಸ್ ಬರುವ ಹೊತ್ತಿಗೆ ಅಪ್ಪ ಮಗಳು ನೆಂಟರ ಹಾಗೆ ಆಗಿಬಿಟ್ಟರೆ ಏನು ಮಾಡಲಿ ಅನ್ನೋ ಭಯ ಅವತ್ತು ಹುಟ್ಟಿತು.

ಭಾನುವಾರ ಸಂಜೆ ನನ್ನ ಗಂಡನ ಗೇಮಿನ ಗೆಳೆಯರು ವಿಡಿಯೋ ಕಾಲಿನಲ್ಲಿ ಸೇರುತ್ತಿದ್ದರು; ಮಗಳು ಅಪ್ಪನ ಮುಖ ನೋಡಲಿ ಅಂತ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲೂ ನಾನು ಅದನ್ನು ಹಾಕಿಡುತ್ತಿದ್ದೆ. ಒಬ್ಬಳು ಕೋಬೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮೈಸೂರಿನ ಹುಡುಗಿ. ಇನ್ನೊಬ್ಬರು ನನ್ನ ಗಂಡನ ಆಫೀಸಿನ ಜಪಾನೀ ಹಿರಿಯರು, ಇರೋದು ಯೋಕೋಹಾಮಾದಲ್ಲಿ. ಮಗಳು ಅವರನ್ನು ಯೋಕೋಹಾಮಾ ಸಾನ್, ಅಂದರೆ ಯೋಕೋಹಾಮಾದವರು, ಅಂತಲೇ ಕರೆಯುತ್ತಿದ್ದಳು. ಆ ಭಾನುವಾರ ದೋಣಿಯದೇ ವಾದ, ಜಪಾನೀಸಿನಲ್ಲಿ. ಹಳೇ ಮೆಷಿನ್ ನಿಧಾನ, ಮುಂದಿನ ದ್ವೀಪ ತಯಾರಾಗಲಿ ಅಂತ ನಮ್ಮನ್ನು ಕಾಯಿಸುತ್ತಿದ್ದರು, ಹೊಸದಕ್ಕೆ ಆ ಕರ್ಮ ಯಾಕೆ ಅಂತ ಕೋಬೆ ಹುಡುಗಿ ಪಟ್ಟು ಹಿಡಿದಳು. ಯೋಕೋಹಾಮಾ ಸಾನ್ ಮೆತ್ತಗೆ, ಕಾರಣ ಏನೇ ಇರಲಿ, ಕಾಯದೆ ಹತ್ತಿದರೆ ಅದು ದೋಣಿಯಲ್ಲ, ಎರಡು ಮೂರು ನಿಮಿಷಕ್ಕೊಂದು ಬರುವ ತೋಝಾಯಿ ಲೈನಿನ ಮೆಟ್ರೋ ರೈಲು ಅಂದರು. ನನ್ನ ಗಂಡ ಎಂದಿನಂತೆ ಅತ್ತ ದರಿ ಇತ್ತ ಪುಲಿ ಅನ್ನೋ ಮುಖ ಮಾಡಿಕೊಂಡು, ಕಾಯೋದು ನನಗೂ ಇಷ್ಟ, ಆದರೆ ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ಅವರಿಗೋಸ್ಕರ ಇರಲಿ ಬಿಡಿ ಅಂದರು.

ಮಗಳು ಲ್ಯಾಪ್‌ಟಾಪಿನ ಪಕ್ಕದಲ್ಲೇ ಚಿತ್ರ ಬರೆಯುತ್ತಾ ಕೂತಿದ್ದಳು. ತಲೆ ಎತ್ತಿದಳು.

"ನೀನೇ ತಾನೇ ಬೇಡ ಅನ್ನೋದು, ಅಪ್ಪಾ. ನಂಗೆ ಕಾಯಕ್ಕೆ ಇಷ್ಟ."

ಅಷ್ಟೂ ಕನ್ನಡದಲ್ಲಿ.

"ನಾನಾ?" ಅಂದರು ನನ್ನ ಗಂಡ. "ನಾನು ಪ್ರತಿ ಸಲ ಕಾಯ್ತೀನಿ ಅಂತಾನೇ ಒತ್ತಿದೀನಿ ಪುಟ್ಟಿ. ನೀನೇ ಬೇಡ ಅಂತಿದೀಯ ಅಂದ್ಕೊಂಡಿದ್ದೆ."

ಕೋಬೆ ಹುಡುಗಿ ಇಷ್ಟನ್ನೂ ಜಪಾನೀಸಿನಲ್ಲಿ ಹೇಳಿದ ಮೇಲೆ, ಯಾವ ಗುಂಡಿ ಒತ್ತುತ್ತೀರಿ ಅಂತ ಯೋಕೋಹಾಮಾ ಸಾನ್ ಕೇಳಿದರು. ಇನ್ಯಾವುದು, ಸೊನ್ನೆ ಗುಂಡಿ ಅಂದರು ಇವರು. ಕೋಬೆ ಹುಡುಗಿ ಹಣೆ ಚಚ್ಚಿಕೊಂಡಳು. ಆ ದೊಡ್ಡ ಮೆಷಿನ್ನಿನ ಒಂದು ಗುಂಡಿಯ ಮೇಲೆ ಸೊನ್ನೆ, ಇನ್ನೊಂದರ ಮೇಲೆ ಇಂಟು ಹಾಕಿದ ಹಾಗೆ ಕತ್ತರಿ ಗುರುತು ಇರುತ್ತೆ. ಜಪಾನಿನಲ್ಲಿ ಸೊನ್ನೆ ಅಂದರೆ ಸರಿ, ಕತ್ತರಿ ಅಂದರೆ ತಪ್ಪು. ಒಂದನೇ ಕ್ಲಾಸಿನಲ್ಲಿ ಮಗಳು ಉತ್ತರಪತ್ರಿಕೆಯ ತುಂಬ ಕೆಂಪು ಸೊನ್ನೆ ಹೊತ್ತು ತಂದಾಗ, ಎಲ್ಲಾದಕ್ಕೂ ಸೊನ್ನೆಯಾ ಅಂತ ಬೈಯಲು ಬಾಯಿ ತೆರೆದವಳು ನಾನು. ಇಲ್ಲಿನ ಹಳೇ ಮೆಷಿನ್ನಿನಲ್ಲೂ ಹಾಗೇ, ಹೂಂ ಅನ್ನೋದಕ್ಕೆ ಸೊನ್ನೆ. ಬೆಂಗಳೂರಿನಲ್ಲಿ ಮಾರುವ ಮೆಷಿನ್ನಿನಲ್ಲಿ ಉಲ್ಟಾ: ಕತ್ತರಿ ಅಂದರೆ ಹೂಂ, ಸೊನ್ನೆ ಅಂದರೆ ಬೇಡ. ಪರದೆಯ ಮೇಲೆ ಬರೆದಿರುತ್ತೆ, ಆದರೆ ಇಷ್ಟು ವರ್ಷ ಟೋಕಿಯೋದಲ್ಲಿದ್ದ ಹೆಬ್ಬೆಟ್ಟು ಓದುತ್ತಾ ಕೂರುತ್ತದೆಯೇ? ಹಿಡಿದ ಮೀನೆಲ್ಲ ವಾಪಸ್ ನೀರಿಗೆ ಬೀಳುತ್ತೆ ಅಂತ ಇವರು ಗೋಳಾಡುತ್ತಿದ್ದುದೂ ಇದಕ್ಕೇ.

ಸಂಪನ್ನರಿಬ್ಬರೂ! ಅವಳಿಗೆ ಬೇಡ ಅಂತ ಇವರು, ಇವರಿಗೆ ಬೇಡ ಅಂತ ಅವಳು. ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತಾ ಅಂತ ರೇಗಿದೆ. ಯೋಕೋಹಾಮಾ ಸಾನ್ ಸುಮಿಮಾಸೆನ್, ಕ್ಷಮಿಸಿ, ಏನೋ ಕೆಲಸವಿದೆ ಅಂದರು. ಕೋಬೆ ಹುಡುಗಿ ಮಾತು ಮುಂದುವರಿಸಲು ಹೊರಟಾಗ, ನಿಮಗೂ ಕೆಲಸವಿದೆ ಅಂತ ಅವಳಿಗೂ ನೆನಪಿಸಿ ಹೊರಡಿಸಿಕೊಂಡು ಹೋದರು. ಆ ಮನುಷ್ಯನಿಗೆ ಇವತ್ತಿಗೂ ನನ್ನ ನಮಸ್ಕಾರ.

ಅಪ್ಪ ಮಗಳು ಕಟ್ಟೆಗೆ ಹೋದರು. ಈ ಸಲ ಅಪ್ಪ ಕತ್ತರಿ ಒತ್ತಿದರು. ದೋಣಿ ಬರಲಿಲ್ಲ.

ನಾನು ಒಲೆ ಆರಿಸಿ ನಿಂತೆ. ಗೇಮಿನ ಅಲೆಯ ಸದ್ದು ಕೇಳುತ್ತಿತ್ತು. ಆಮೇಲೆ ಇವಳು ಶುರು ಮಾಡಿದಳು, ಮೂರು ಭಾಷೆ ಕಲಸಿಕೊಂಡು. ಸ್ಕೂಲಿನಲ್ಲಿ ಊಟದ ಹೊತ್ತು ಯಾರೂ ಮಾತಾಡುವ ಹಾಗಿಲ್ಲವಂತೆ. ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿಕೊಂಡು ತಿನ್ನಬೇಕಂತೆ. ಹೊಸದಾಗಿ ಸೇರಿದ ಹುಡುಗಿಯ ಮಾಸ್ಕಿಲ್ಲದ ಮುಖ ಇನ್ನೂ ಸರಿಯಾಗಿ ನೋಡೇ ಇಲ್ಲವಂತೆ. ಇಷ್ಟು ತಿಂಗಳು ಒಂದೇ ಮನೆಯಲ್ಲಿದ್ದೂ ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ದೋಣಿ ಬಂದು ನಿಂತಿತು. ಇಬ್ಬರೂ ಅಲುಗಾಡಲಿಲ್ಲ.

"ಅಪ್ಪಾ, ನಿಂಗೆ ಏರ್‌ಪೋರ್ಟ್ ಇನ್ನೂ ಕ್ಲೋಸಾ?"

"ಹೂಂ ಪುಟ್ಟಿ. ಇನ್ನೂ."

"ಹಂಗಾದ್ರೆ ಇದು ಹೋಗ್ಲಿ," ಅಂದಳು. "ಇನ್ನೊಂದು ಬರತ್ತೆ."

ಅದು ಹೋಯಿತು. ಇನ್ನೊಂದು ಬಂತು, ಅದನ್ನೂ ಕಳಿಸಿದರು.