ಅಕ್ಕ ಸುಮ್ಮನೆ ಕೂತ ದೋಣಿ

ನನ್ನ ಅಕ್ಕನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ನಾವಿಬ್ಬರೂ ಶಂಕರಪುರದಲ್ಲಿ ಒಂದೇ ಮನೆಯಲ್ಲಿರುವವರು. ಜಗಲಿಯಲ್ಲಿ ಮಲ್ಲಿಗೆ ಕಟ್ಟಲು ಕೂತರೆ ಅವಳ ಕೈಗಿಂತ ಬಾಯಿ ಮುಂದೆ. ಆ ಗಂಟಲಿಗೇ ಕ್ಯಾನ್ಸರ್ ಬಂತು, ಸ್ವರ ಒಡೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ಸ್ವರ ಇರುವುದಿಲ್ಲ ಎಂದರು ಡಾಕ್ಟರು. ದೇವರಿಗೆ ಕಣ್ಣಿಲ್ಲ ಎನ್ನುವುದು ಇದಕ್ಕೇ.

ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಅವಳು, "ಸಂಜೆ ಅಡ್ಮಿಟ್ ಆದರೆ ಸಾಕಲ್ವಾ? ಮಣಿಪಾಲದ ಕೆಳಗೆ ಸ್ವರ್ಣಾ ಹೊಳೆಯಲ್ಲಿ ನೀರುನಾಯಿ ಉಂಟಂತೆ. ದೋಣಿಯಲ್ಲಿ ಹೋಗಿ ನೋಡಿ ಬರುವ" ಎಂದಳು. ನನಗೆ ಯಾವ ನೀರುನಾಯಿಯೂ ಬೇಕಿರಲಿಲ್ಲ. ಮನೆಯಲ್ಲಿ ನೋಡಲು ಬರುವವರ ಸಂತೆ. ದೋಣಿಯಲ್ಲಾದರೆ ನಾವಿಬ್ಬರೇ, ಅವಳ ಮಾತನ್ನು ಕಿವಿ ತುಂಬ ಕೇಳಬಹುದು ಎಂಬ ಆಸೆಯಿಂದ ಹೊರಟೆ.

ಗುಡ್ಡದ ಬುಡದಲ್ಲಿ ಹೊಳೆ ಕಿರಿದಾಗಿ, ಎರಡೂ ಕಡೆ ಬಂಡೆಗಳು ಗೋಡೆಯ ಹಾಗೆ ಎದ್ದಿದ್ದವು. ಅಲ್ಲಿಗೆ ಬಂದದ್ದೇ ದೋಣಿಯವನು, "ಇನ್ನು ಮಾತಾಡಬಾರದು ಅಕ್ಕ, ಸದ್ದು ಕೇಳಿದರೆ ಅವು ಹೊರಗೆ ಬರುವುದಿಲ್ಲ" ಎಂದ. ನನಗೆ ಎಲ್ಲಿತ್ತೋ ಸಿಟ್ಟು. "ಬಾರದಿದ್ದರೆ ಬೇಡ ಮಾರಾಯ, ಅವಳು ಮಾತಾಡಲಿ" ಎಂದೆ. ಅವನಿಗೆ ಪಾಪ, ಎಂತ ಗೊತ್ತು? ಅಕ್ಕ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಗದರಿಸುವ ಹಾಗೆ ನೋಡಿದಳು.

ಆಮೇಲೆ ಒಂದಕ್ಷರ ಆಡಲಿಲ್ಲ. ಮೀನು ಕಚ್ಚಿಕೊಂಡು ಹಾರಿದ ಮಿಂಚುಳ್ಳಿಯನ್ನು ಬೆರಳು ಮಾಡಿ ತೋರಿಸಿದಳು. ಮರದಲ್ಲಿ ನೇತಾಡುವ ಬಾವಲಿಗಳನ್ನು ಕಂಡು ಮೊಣಕೈಯಲ್ಲಿ ತಿವಿದಳು. ನಾನು ಮುಖ ಊದಿಸಿಕೊಂಡು ಇನ್ನೊಂದು ಕಡೆ ನೋಡುತ್ತಿದ್ದೆ. ಉಳಿದ ಒಂದು ದಿನವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಬಂಡೆಯ ಸಂದಿಯಿಂದ ಒಂದು ತಾಯಿ ನೀರುನಾಯಿ ಬಂತು, ಹಿಂದೆ ಎರಡು ಮರಿಗಳು. ಮೂರೂ ಕಿಚಕಿಚ ಎನ್ನುತ್ತಾ, ಒಂದನ್ನೊಂದು ದೂಡುತ್ತಾ ನೀರಿಗೆ ಜಾರಿದವು. ಅಕ್ಕ ನನ್ನ ಕೈ ಹಿಡಿದು ಅಲ್ಲಾಡಿಸಿದಳು. ನಾನು ಕೈ ಬಿಡಿಸಿಕೊಂಡೆ.

ದಡಕ್ಕೆ ಬಂದ ಮೇಲೆ ತಡೆಯಲಾಗಲಿಲ್ಲ. "ನಾಳೆಯಿಂದ ಹೇಗೂ ಬಾಯಿ ಇಲ್ಲ. ಇವತ್ತೂ ಮುಚ್ಚಿಕೊಂಡು ಕೂತೆಯಲ್ಲ" ಎಂದು ಅತ್ತುಬಿಟ್ಟೆ.

ಅವಳು ಸೀರೆಯ ನೆರಿಗೆ ಕೊಡವಿ, ಆ ಒಡಕು ಸ್ವರದಲ್ಲಿ, "ಹೇಗಾಗ್ತದೆ ಅಂತ ಒಮ್ಮೆ ನೋಡಬೇಕಿತ್ತು. ಮಾತಿಲ್ಲದೆ ಇರ್ಲಿಕ್ಕೆ ಆಗ್ತದೆ ಮಾರಾಯ್ತಿ, ಅದು ದೊಡ್ಡದಲ್ಲ. ನಾನು ಕೈ ತೋರಿಸಿದರೆ ನೀನು ತಿರುಗಿ ನೋಡಲಿಲ್ಲ. ಅದು ಮಾತ್ರ ನನ್ನಿಂದ ತಡೀಲಿಕ್ಕೆ ಆಗ್ಲಿಲ್ಲ" ಎಂದಳು.

ಈಗ ಅವಳು ಕೈ ಎತ್ತಿದರೆ ಇದ್ದ ಕೆಲಸ ಬಿಟ್ಟು ತಿರುಗುತ್ತೇನೆ. ಆದರೆ ಒಲೆಯ ಎದುರು ನಿಂತು ಎಂತದೋ ಯೋಚನೆಯಲ್ಲಿದ್ದಾಗ, ಬೆನ್ನ ಹಿಂದೆ ಅವಳು ಎಷ್ಟು ಹೊತ್ತು ಕೈ ಬೀಸಿ ಒಳಗೆ ಹೋದಳೋ, ನನಗೆ ಗೊತ್ತಾಗುವುದಿಲ್ಲ.