ಸಂಘದ ಜಗಲಿಯ ಕೆಂಪು

ಹಾಲಿನ ಅಂಗಡಿಯೊಂದನ್ನು ಬಿಟ್ಟರೆ ರಾಜಾಜಿನಗರದ ಈ ಅಡ್ಡರಸ್ತೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಅರುಣೋದಯ ಯುವಕ ಸಂಘದ ಜಗಲಿಯ ಮೇಲೆ, ಮಡಿಸಿದ ಗೋಣಿಚೀಲದ ಮೇಲೆ ಮಂಡಿಯೂರಿ, ಚಿಕ್ಕಲಕ್ಷ್ಮಮ್ಮ ಕರಣೆಯ ಹಿಡಿಯಿಂದ ನೆಲವನ್ನು ತಟ್ಟುತ್ತಿದ್ದಾರೆ. ತಟ್ಟುವುದು, ಕಿವಿಗೊಡುವುದು, ಒಂದು ಗೇಣು ಮುಂದೆ ಸರಿಯುವುದು. ಗಟ್ಟಿ ಇರುವ ಕಡೆ ಸದ್ದು ಚಿಕ್ಕದು. ಪೊಳ್ಳು ಬಿದ್ದ ಕಡೆ ಖಾಲಿ ಡಬ್ಬದ ಹಾಗೆ ಕೇಳುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾರೆ.

ಕೆಳಗೆ ರಸ್ತೆಯಲ್ಲಿ ಅವರ ಜೊತೆಗಾರ್ತಿ ಕಲಾ ಮರಳು ಜರಡಿ ಹಿಡಿಯುತ್ತಿದ್ದಾರೆ. ಸಂಘದ ಕಾರ್ಯದರ್ಶಿ ಗಿರಿರಾಜ್, ಅರವತ್ತು ದಾಟಿದವರು, ಲುಂಗಿ ಎತ್ತಿ ಕಟ್ಟಿ ಬಕೆಟ್ಟಿನಲ್ಲಿ ನೀರು ತಂದು ತಂದು ಜಗಲಿ ತೊಳೆಯುತ್ತಿದ್ದಾರೆ.

"ಸಾಕು ಬಿಡಿ ಸಾರ್, ಇವತ್ತೇನು ಇಲ್ಲಿ ಮದುವೇನಾ?" ಕಲಾ ನಗುತ್ತಾರೆ.

"ನಾವು ಬೆಳೆದ ಜಾಗ ಕಣಮ್ಮ. ಕೊಳೆ ನೋಡಿ ಲಕ್ಷ್ಮಮ್ಮೋರು ಬೈಕೋಬಾರ್ದಲ್ಲ."

ಕೆಂಪು ನೆಲದ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸಬೇಕು. ಈ ಜಗಲಿ ಮೂಡಣಕ್ಕೆ ಮುಖ ಮಾಡಿದೆ. ಬಿಸಿಲು ಬಿದ್ದರೆ ಗಾರೆ ಬೇಗ ಒಣಗಿ ಬಿರಿಯುತ್ತದೆ. ಹಾಗಾಗಿ ಮೂಡಲಪಾಳ್ಯದ ಮನೆಯಿಂದ ಚಿಕ್ಕಲಕ್ಷ್ಮಮ್ಮ ಮೊದಲ ಬಸ್ಸು ಹಿಡಿಯುತ್ತಾರೆ. ಟವೆಲಿನಲ್ಲಿ ಸುತ್ತಿದ ಕರಣೆ, ಅಂಗೈಯಲ್ಲಿ ಹಿಡಿಸುವ ನುಣುಪು ಕಲ್ಲು, ಹೊಳಪಿಗೆ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಎಲ್ಲವೂ ಒಂದು ಬಟ್ಟೆ ಚೀಲದಲ್ಲಿ. ಆ ಕಲ್ಲು ಅವರ ತಾಯಿ ಅಂಜಮ್ಮನದು.

ಈ ನೆಲವೂ ಅಂಜಮ್ಮನದೇ.

ಸಂಘಕ್ಕೆ ಹೆಂಚಿನ ಈ ಕಟ್ಟಡ ಎದ್ದಾಗ ಚಿಕ್ಕಲಕ್ಷ್ಮಮ್ಮನಿಗೆ ಹದಿನೈದರ ಆಚೀಚೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ತಾಯಿಯ ಹಿಂದೆ ಕೆಲಸಕ್ಕೆ ಬರುತ್ತಿದ್ದರು. ಗಾರೆ ಹರಡುವವರು ಮೇಸ್ತ್ರಿ. ಆದರೆ ಬಣ್ಣ ಕೂಡಿಸುವುದು, ಅದು ಹದಕ್ಕೆ ಬಂದ ಗಳಿಗೆ ನೋಡಿ ಉಜ್ಜುವುದು ಅಂಜಮ್ಮನ ಕೆಲಸ. ಎರಡು ಗಳಿಗೆ ಮುಂಚೆ ಉಜ್ಜಿದರೆ ಕೈಗೆ ಎದ್ದು ಬರುತ್ತದೆ. ತಡವಾದರೆ ಹೊಳಪು ಹತ್ತುವುದಿಲ್ಲ. "ಹೆಸರು ಮೇಸ್ತ್ರೀದು, ಮಂಡಿ ನಮ್ಮಮ್ಮಂದು" ಎಂದು ಚಿಕ್ಕಲಕ್ಷ್ಮಮ್ಮ ಹೇಳುತ್ತಾರೆ. ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ.

ಆ ದಿನಗಳಲ್ಲಿ ಸಂಘದ ಹುಡುಗರು ರಸ್ತೆಯ ಆ ಬದಿಯಲ್ಲಿ ಸಾಲಾಗಿ ನಿಂತು ನೆಲ ಒಣಗುವುದನ್ನೇ ಕಾಯುತ್ತಿದ್ದರಂತೆ. "ಯಾವಾಗ ಕೂರ್ಬೋದಕ್ಕಾ, ಯಾವಾಗ ಕೂರ್ಬೋದಕ್ಕಾ ಅಂತ ಅಮ್ಮನ ತಲೆ ತಿಂತಿದ್ರು. ಅಮ್ಮ, ಮೊಟ್ಟೆ ಮೇಲೆ ಕೋಳಿ ಕೂರುತ್ತಲ್ಲ, ಅಷ್ಟು ದಿನ ಆಗ್ಲಿ ಅನ್ನೋಳು. ಅಷ್ಟಕ್ಕೇ ಅವರು ಕೋಳಿ ಥರ ಕೂಗೋರು." ಕಾರ್ಖಾನೆ ನೌಕರರ ಮಕ್ಕಳು, ಕಾಲೇಜಿಗೆ ಹೋಗುವವರು, ಎಲ್ಲಿಗೂ ಹೋಗದವರು. ಒಳಗೆ ಒಂದು ಕೇರಂ ಬೋರ್ಡು, ದಿನಪತ್ರಿಕೆಯ ಸ್ಟ್ಯಾಂಡು, ಗೋಡೆಗೆ ಒಂದು ರೇಡಿಯೊ. ಹೊರಗೆ ಜಗಲಿ. ಒಳಗಿದ್ದುದೆಲ್ಲ ನೆಪ, ಹುಡುಗರು ಬರುತ್ತಿದ್ದುದು ಜಗಲಿಗೆ. ಕ್ರಿಕೆಟ್ ಕಾಮೆಂಟರಿಯ ದಿನ ರಸ್ತೆಯವರೆಗೂ ಜನ. ಹೆಣ್ಣುಮಕ್ಕಳು ಮಾತ್ರ ಸಂಘ ಹತ್ತಿರವಾದಂತೆ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಿದ್ದರು.

ನೆಲ ಮುಗಿದ ಮೇಲೆ ಅಂಜಮ್ಮನೂ ಮಗಳೂ ಬೇರೆ ಕೆಲಸಕ್ಕೆ ಹೋದರು. ಆದರೂ ಈ ಕಡೆ ಕೆಲಸ ಸಿಕ್ಕಾಗಲೆಲ್ಲ ಚಿಕ್ಕಲಕ್ಷ್ಮಮ್ಮ ಸ್ವಲ್ಪ ಸುತ್ತಾದರೂ ಈ ರಸ್ತೆಯಲ್ಲೇ ನಡೆದು ಹೋಗುತ್ತಿದ್ದರು. ಸಂಜೆ ಹೊತ್ತು ಜಗಲಿಯ ತುಂಬ ಹುಡುಗರು, ನಗು, ಯಾರದೋ ಸೈಕಲ್ ಬೆಲ್ಲು. "ನಾನು ಅವರನ್ನ ನೋಡ್ತಿರ್ಲಿಲ್ಲ, ನೆಲ ನೋಡ್ತಿದ್ದೆ" ಎನ್ನುತ್ತಾರೆ. ಕಲಾ ಪಕ್ಕದಿಂದ "ಸ್ವಲ್ಪ ಅವರನ್ನೂ ನೋಡಿರ್ತೀಯ ಬಿಡಕ್ಕ" ಎಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ.

ತಾಯಿ ಮಗಳು ಉಜ್ಜಿದ ನೆಲಗಳು ಒಂದು ಕಾಲಕ್ಕೆ ಪಶ್ಚಿಮ ಬೆಂಗಳೂರಿನ ತುಂಬ ಇದ್ದವು. ಬಸವೇಶ್ವರನಗರದಲ್ಲಿ ಹುಡುಗ ಹುಡುಗಿಯರು ಕದ್ದು ಮಾತಾಡುತ್ತಿದ್ದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲು. ವಿಜಯನಗರದಲ್ಲಿ ಒಂದು ಕಾಫಿ ಹೋಟೆಲಿನ ಫ್ಯಾಮಿಲಿ ರೂಮು. ಎಷ್ಟೋ ಮನೆಗಳ ನಡುಮನೆ. ಈಗ ಬಸ್ಸಿನ ಕಿಟಕಿಯಿಂದ ಅವರು ತೋರಿಸುವುದೆಲ್ಲ ಗಾಜಿನ ಅಂಗಡಿ, ಅಪಾರ್ಟ್‌ಮೆಂಟು, ತಗಡು ಮರೆ ಕಟ್ಟಿದ ಖಾಲಿ ಸೈಟು. ಟೈಲ್ಸ್ ಬಂದ ಮೇಲೆ ಕೆಂಪು ನೆಲ ಕೇಳುವವರಿಲ್ಲ. ಗಂಡ ವೆಂಕಟಸ್ವಾಮಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರು, ಸೊಂಟ ಹಿಡಿದು ಮನೆಯಲ್ಲಿದ್ದಾರೆ. ಚಿಕ್ಕಲಕ್ಷ್ಮಮ್ಮ ಬೇರೆಯವರ ಕಟ್ಟಡಗಳಿಗೆ ಬಾಂಡ್ಲಿಯಲ್ಲಿ ಕಾಂಕ್ರೀಟು ಹೊರುತ್ತಾರೆ. ಕರಣೆ ಹಿಡಿಯುವ ಕೆಲಸ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ತಾಯಿಯ ಕೈಯಿಂದಾದ ನೆಲಗಳಲ್ಲಿ ಅವರಿಗೆ ಗೊತ್ತಿರುವಂತೆ ಉಳಿದಿರುವುದು ಇದೊಂದೇ.

ಇದೂ ಉಳಿಯುತ್ತದೋ ಇಲ್ಲವೋ ಎಂಬುದು ಬರುವ ಭಾನುವಾರ ಸಂಘದ ಸಭೆಯಲ್ಲಿ ಗೊತ್ತಾಗಲಿದೆ. ಕಟ್ಟಡ ಒಡೆದು ಮೂರು ಅಂತಸ್ತು ಎಬ್ಬಿಸಬೇಕು ಎನ್ನುವವರು ಒಂದು ಕಡೆ. ಅವರ ಮುಂದಾಳು ಹಾರ್ಡ್‌ವೇರ್ ಅಂಗಡಿಯ ಯೋಗಾನಂದ. ಹಿಂಭಾಗದ ಸೂರು ರಿಪೇರಿ ಮಾಡಿ ಮುಂಭಾಗ ಉಳಿಸಿಕೊಳ್ಳೋಣ ಎನ್ನುವ ಗಿರಿರಾಜ್ ಇನ್ನೊಂದು ಕಡೆ. ಇಬ್ಬರೂ ಚಡ್ಡಿ ಕಾಲದ ಗೆಳೆಯರು. ಜಗಲಿಯ ನಡುವೆ ಬಾಯಿ ಬಿಟ್ಟಿರುವ ಬಿರುಕು ಮುಚ್ಚಿ, ಹಳೆಯದು ಹೊಸದು ಗೊತ್ತಾಗದ ಹಾಗೆ ಕೂಡಿದರೆ ಸದಸ್ಯರ ಮನಸ್ಸು ತಿರುಗೀತು ಎಂಬುದು ಗಿರಿರಾಜರ ಆಸೆ. ಅದಕ್ಕೇ ಕೆಂಪು ನೆಲ ಬಲ್ಲವರನ್ನು ಹುಡುಕಿಕೊಂಡು ಮೂಡಲಪಾಳ್ಯಕ್ಕೆ ಹೋದದ್ದು.

"ಕೂಡಿಸ್ಕೊಡ್ತೀನಿ ಸಾರ್" ಎಂದಷ್ಟೇ ಚಿಕ್ಕಲಕ್ಷ್ಮಮ್ಮ ಹೇಳಿದ್ದರು. ಯಾರ ನೆಲ ಎಂದು ಹೇಳಿರಲಿಲ್ಲ.

ಬಣ್ಣ ಕೂಡಿಸುವ ಕ್ರಮ ಹೀಗಿದೆ. ಕೆಂಪು ಪುಡಿ ಹೆಚ್ಚು ಕಡಿಮೆ ಮಾಡಿ ಸಿಮೆಂಟಿನ ಜೊತೆ ಕಲಸಿ, ಅಂಗೈಯಗಲದ ಬಿಲ್ಲೆಗಳನ್ನು ತಟ್ಟಿ, ಮನೆಯಲ್ಲೇ ಚೆನ್ನಾಗಿ ಒಣಗಿಸಿ ತರಬೇಕು. ಒಣಗಿದ ಬಿಲ್ಲೆಯನ್ನು ಒಣಗಿದ ನೆಲದ ಮೇಲಿಟ್ಟು ನೋಡಬೇಕು. ಯಾವುದು ಕಣ್ಣಿಗೆ ಮಾಯವಾಗುತ್ತದೋ ಅದೇ ಅಳತೆ. ಚಿಕ್ಕಲಕ್ಷ್ಮಮ್ಮ ಚೀಲದಿಂದ ನಾಲ್ಕು ಬಿಲ್ಲೆ ತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಬೀದಿ ದೀಪದ ಬೆಳಕಿನಲ್ಲಿ ಬಗ್ಗಿ ನೋಡುತ್ತಾರೆ. ಎಲ್ಲಕ್ಕಿಂತ ಗಾಢವಾದದ್ದು ನೆಲದಲ್ಲಿ ಕರಗಿ ಹೋಗುತ್ತದೆ.

"ಇದೇ" ಎಂದು ಕಲಾಗೆ ಹೇಳುತ್ತಾರೆ.

ಮುಂದಿನ ಕೆಲಸ ಮಾತಿಲ್ಲದೆ ನಡೆಯುತ್ತದೆ. ಉಳಿಯಿಂದ ಬಿರುಕಿನ ಅಂಚು ಬಿಡಿಸಿ, ಧೂಳು ತೆಗೆದು, ನೀರು ಕುಡಿಸಿ, ಗಾರೆ ತುಂಬಿ, ಕರಣೆಯಿಂದ ಎಳೆಯುತ್ತಾರೆ. ತೆಳುಬಟ್ಟೆಯಲ್ಲಿ ಕಟ್ಟಿದ ಪುಡಿಯನ್ನು ಮೇಲೆ ಉದುರಿಸುತ್ತಾರೆ. ಆಮೇಲೆ ತಾಯಿಯ ಕಲ್ಲು. ಅರ್ಧ ವರ್ತುಲ, ಮತ್ತೆ ಅರ್ಧ ವರ್ತುಲ. ಒಂದು ಹಂತದಲ್ಲಿ ಕೈ ನಿಲ್ಲಿಸಿ, ಬೆರಳ ತುದಿಯಿಂದ ಮುಟ್ಟಿ, ಕಣ್ಣು ಮುಚ್ಚಿ ಕಾಯುತ್ತಾರೆ. ಮತ್ತೆ ಉಜ್ಜುತ್ತಾರೆ. ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಎದುರು ಮನೆಯ ಮಹಡಿ ದಾಟಿ ಬಿಸಿಲು ಜಗಲಿಗೆ ಇಳಿದಿದೆ.

ಕಲಾ ತಂದ ಟೀ ಲೋಟ ಕೈಯಲ್ಲಿ ಹಿಡಿದು ಅವರು ನೆಲ ನೋಡುತ್ತಾ ನಿಲ್ಲುತ್ತಾರೆ. ಗಿರಿರಾಜ್ ಸುರಿದ ನೀರು ಆರುತ್ತಿದೆ. ಆರಿದ ಕಡೆಯೆಲ್ಲ ಹಳೆಯ ಕೆಂಪು ತಿಳಿಯಾಗುತ್ತ, ಮಾಸಿದ ಇಟ್ಟಿಗೆ ಬಣ್ಣಕ್ಕೆ ಬರುತ್ತಿದೆ. ಚಿಕ್ಕಲಕ್ಷ್ಮಮ್ಮ ಟೀ ಕೆಳಗಿಟ್ಟು, ಗಾಢವಾದ ಆ ಬಿಲ್ಲೆಯನ್ನು ತೆಗೆದು ಒಣಗಿದ ಜಾಗದಲ್ಲಿ ಇಡುತ್ತಾರೆ. ಅನ್ನದ ತಟ್ಟೆಯಲ್ಲಿ ಬಿದ್ದ ಉಪ್ಪಿನಕಾಯಿ ಹೋಳಿನ ಹಾಗೆ ಅದು ಎದ್ದು ಕಾಣುತ್ತದೆ.

ಒದ್ದೆ ನೆಲ ನೋಡಿ ಬಣ್ಣ ಆರಿಸಿದ್ದರು. ಹಾಗೆ ಮಾಡಬಾರದು ಎಂಬುದು ಈ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ.

"ನೀವು ತೊಳ್ದಿದ್ದಕ್ಕೇ ಸಾರ್ ಹೀಗಾಗಿದ್ದು" ಎಂದು ಕಲಾ ಅಂದುಬಿಡುತ್ತಾರೆ. ಗಿರಿರಾಜರ ಮುಖ ಸಣ್ಣದಾಗುತ್ತದೆ.

"ಸುಮ್ನಿರೇ. ಅವರ ಜಗಲಿ, ಅವರು ತೊಳೀತಾರೆ. ನೋಡ್ಬೇಕಾದೋಳು ನಾನು."

"ಹಸಿ ಇರೋವಾಗ್ಲೇ ಕಿತ್ತು ಇನ್ನೊಂದ್ಸಲ ಹಾಕೋಣಾಮ್ಮ?" ಗಿರಿರಾಜ್ ಕೇಳುತ್ತಾರೆ.

ಚಿಕ್ಕಲಕ್ಷ್ಮಮ್ಮ ಬಗ್ಗಿ ತೇಪೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಕಿತ್ತರೆ ಹಳೆಯ ಅಂಚೂ ಜೊತೆಗೆ ಏಳುತ್ತದೆ. ತೇಪೆ ದೊಡ್ಡದಾಗುತ್ತದೆ, ಅಂಜಮ್ಮನ ನೆಲ ಅಷ್ಟು ಕಡಿಮೆಯಾಗುತ್ತದೆ. "ಬೇಡ ಸಾರ್. ಈ ನೆಲ ಹಾಕಿದ್ದು ನಮ್ಮಮ್ಮ" ಎಂದು ಆಗ ಹೇಳುತ್ತಾರೆ. "ಅವಳದ್ದು ಇನ್ನೊಂದ್ ಚೂರೂ ನಾನು ಕೀಳಲ್ಲ."

ವಾರವಿಡೀ ಬೆಳಿಗ್ಗೆ ಸಂಜೆ ಬಂದು ತೇಪೆಯ ಮೇಲಿನ ಗೋಣಿಗೆ ನೀರು ಹಾಕಿ ಹೋಗುತ್ತಾರೆ. ಒಣಗಿದರೆ ಬಣ್ಣ ಇಳಿದೀತು ಎಂದು ಕಲಾ ಸಮಾಧಾನ ಹೇಳುತ್ತಾರೆ. ಅದು ಎಷ್ಟು ಇಳಿಯುತ್ತದೆ ಎಂಬುದು ಒಣಗಿದ ಬಿಲ್ಲೆ ನೋಡಿದ ಚಿಕ್ಕಲಕ್ಷ್ಮಮ್ಮನಿಗೆ ಗೊತ್ತು.

ಭಾನುವಾರ ಗೋಣಿ ತೆಗೆದಾಗ, ಮಾಸಿದ ಸೀರೆಗೆ ಹೊಸ ಸೀರೆಯ ತುಂಡು ಹೊಲಿದ ಹಾಗೆ ಕಾಣುತ್ತದೆ. ಗಿರಿರಾಜ್ ಒಳಗಿನಿಂದ ಜಮಖಾನೆ ತರುತ್ತಾರೆ.

"ಹಾಸ್ಬೇಡಿ ಸಾರ್. ಮುಚ್ಚಿದ್ರೆ ಕೆಳಗೆ ಇನ್ನೂ ಬಿರುಕಿದೆ ಅಂದ್ಕೋತಾರೆ" ಎನ್ನುತ್ತಾರೆ ಚಿಕ್ಕಲಕ್ಷ್ಮಮ್ಮ.

ಸದಸ್ಯರು ಒಬ್ಬೊಬ್ಬರಾಗಿ ಬರುತ್ತಾರೆ. ಮಂಡಿಗೆ ಪಟ್ಟಿ ಕಟ್ಟಿದವರು, ಮೊಮ್ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದವರು. ಕುರ್ಚಿ ಹಾಕಿದ್ದರೂ ಯಾರೂ ಕುರ್ಚಿಯ ಕಡೆ ಹೋಗುವುದಿಲ್ಲ. ಹೊಸ ತೇಪೆಯೊಂದನ್ನು ಬಿಟ್ಟು, ಜಗಲಿಯ ಮೇಲೆ ತಮ್ಮ ತಮ್ಮ ಜಾಗ ಹುಡುಕಿ ಕೂರುತ್ತಾರೆ. "ಏಳೋ ಮಹದೇವ, ಕಂಬದ ಪಕ್ಕ ನಂದು" ಎಂಬ ಜಗಳವೂ ಒಂದು ನಡೆಯುತ್ತದೆ. ಚಿಕ್ಕಲಕ್ಷ್ಮಮ್ಮ, ಕಲಾ ರಸ್ತೆಯ ಆ ಬದಿಯಲ್ಲಿ ನಿಂತಿದ್ದಾರೆ.

ಯೋಗಾನಂದ ಮಾತ್ರ ಕೂರದೆ ತೇಪೆಯ ಮುಂದೆ ನಿಲ್ಲುತ್ತಾರೆ. "ಏನಮ್ಮ ಇದು, ಬಣ್ಣವೇ ಕೂಡಿಲ್ಲ?"

"ಹೌದು ಸಾರ್, ಕೂಡಿಲ್ಲ. ನನ್ನ ಕಣ್ಣು ತಪ್ತು."

ಯೋಗಾನಂದ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ತೇಪೆಯನ್ನು ಸವರುತ್ತಾರೆ. ಅಂಗೈ ತಿರುಗಿಸಿ ನೋಡುತ್ತಾರೆ. ತೆಳ್ಳಗೆ ಕೆಂಪು ಹತ್ತಿದೆ. ಅಲ್ಲೇ ಕೂತು ನಗತೊಡಗುತ್ತಾರೆ.

"ಲೇ ಗಿರಿ, ಬಾರೋ ಇಲ್ಲಿ. ನಮ್ಮ ಬಿಳಿ ಪ್ಯಾಂಟು ಹಾಳಾಗಿದ್ದು ಇದೇ ಬಣ್ಣದಲ್ಲಿ ಅಲ್ವೇನೋ?"

ಗಿರಿರಾಜ್ ಬಗ್ಗಿ ನೋಡುತ್ತಾರೆ. ಹೌದು, ಇದೇ. ಹೊಸದರಲ್ಲಿ ಜಗಲಿ ಇಷ್ಟೇ ಗಾಢವಿತ್ತು. ಕೂತು ಎದ್ದವರ ಹಿಂದೆಲ್ಲ ಕೆಂಪು. ಲೈಬ್ರರಿಗೆ ಹೋಗಿದ್ದೆ ಎಂದು ಮನೆಯಲ್ಲಿ ಹೇಳುವಂತೆಯೇ ಇರಲಿಲ್ಲ, ಬೆನ್ನು ತಿರುಗಿಸಿದರೆ ಸಾಕಿತ್ತು. "ಈ ಬೀದಿ ಹೆಣ್ಮಕ್ಕಳು ನಮಗೆ ಕೆಂಪು ಕೋತಿಗಳು ಅಂತಿದ್ರು ಗುರು" ಎಂದು ಕಂಬದ ಪಕ್ಕದವರೊಬ್ಬರು ನೆನೆಯುತ್ತಾರೆ.

"ನಾವೂ ಅಂತಿದ್ವಿ ಸಾರ್" ಎನ್ನುತ್ತಾರೆ ರಸ್ತೆಯಾಚೆಯಿಂದ ಚಿಕ್ಕಲಕ್ಷ್ಮಮ್ಮ. ಜಗಲಿಯೆಲ್ಲ ನಗುತ್ತದೆ. ನಗು ನಿಂತ ಮೇಲೆ ಎಲ್ಲರೂ ತಮ್ಮ ಕೆಳಗಿನ ಮಾಸಿದ ನೆಲವನ್ನೂ ನಡುವಿನ ಆ ಕೆಂಪನ್ನೂ ನೋಡುತ್ತಾರೆ.

ಸಭೆ ಒಳಗೆ ನಡೆಯುತ್ತದೆ. ಒಡೆಯುವುದಕ್ಕೇ ಹೆಚ್ಚು ಕೈಗಳು ಏಳುತ್ತವೆ, ಯೋಗಾನಂದರದೂ ಅದರಲ್ಲೊಂದು. ಕೆಲಸ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಜಗಲಿಯ ಜಾಗ ಪಾರ್ಕಿಂಗಿಗೆ ಹೋಗುತ್ತದೆ.

ಹೊರಗೆ ಬಂದ ಯೋಗಾನಂದ ರಸ್ತೆ ದಾಟಿ ಚಿಕ್ಕಲಕ್ಷ್ಮಮ್ಮನ ಹತ್ತಿರ ಹೋಗುತ್ತಾರೆ. "ಬೇಜಾರು ಮಾಡ್ಕೋಬೇಡಿಮ್ಮ. ಮಳೆ ಬಂದ್ರೆ ಒಳಗೆ ಕೊಡೆ ಹಿಡ್ಕೊಂಡು ಪೇಪರ್ ಓದ್ಬೇಕು. ಸೂರು ಯಾರ್ ಮೇಲಾದ್ರೂ ಬಿದ್ರೆ ಏನ್ಮಾಡೋದು? ಯುವಕರ ಸಂಘ ಅಂತ ಹೆಸರು, ಒಬ್ಬ ಯುವಕನೂ ಈ ಕಡೆ ತಲೆ ಹಾಕಲ್ಲ."

"ನೀವು ಹೇಳೋದೂ ಸರೀನೇ ಸಾರ್."

ಯೋಗಾನಂದ ಹೊರಡುವುದಿಲ್ಲ. "ಒಡೆಯೋವರ್ಗಾದ್ರೂ ಇಡೀ ಜಗಲೀನ ಆ ಬಣ್ಣಕ್ಕೆ ತರೋಕಾಗುತ್ತಾ? ಸುಮ್ನೆ ಕೇಳ್ದೆ."

"ಆಗಲ್ಲ ಸಾರ್. ಸವೆದಿದ್ದು ಸವೆದಿದ್ದೇ. ನೀವೇ ಕೂತು ಸವೆಸಿದ್ದಲ್ವಾ."

ಯೋಗಾನಂದ ತಲೆಯಾಡಿಸಿ ಸ್ಕೂಟರಿನ ಕಡೆ ನಡೆಯುತ್ತಾರೆ.

ಸಂಜೆ ಸಂಘದ ಬಾಗಿಲು ಹಾಕಿದೆ. ಚಿಕ್ಕಲಕ್ಷ್ಮಮ್ಮ ಎದುರು ಮನೆಯ ನಲ್ಲಿಯಿಂದ ಬಿಂದಿಗೆ ತುಂಬಿ ತಂದು, ಗೋಣಿಯನ್ನು ಮತ್ತೆ ತೇಪೆಯ ಮೇಲೆ ಹರಡಿ, ನೀರು ಹನಿಸುತ್ತಾರೆ. ಅಂಚುಗಳನ್ನು ಕೈಯಿಂದ ಒತ್ತಿ ಒತ್ತಿ ನೋಡುತ್ತಾರೆ.

"ಒಡೆದು ಹಾಕೋ ನೆಲಕ್ಕೆ ಇನ್ನೂ ಯಾಕಕ್ಕ ನೀರು?" ಕಲಾ ಚೀಲ ಹೆಗಲಿಗೇರಿಸಿ ಕೇಳುತ್ತಾರೆ. "ಬಸ್ ತಪ್ಪುತ್ತೆ ನಡಿ."

"ನೀರು ಕುಡೀದಿದ್ರೆ ಗಟ್ಟಿಯಾಗಲ್ಲ ಕಣೇ." ಇನ್ನೊಂದು ಬೊಗಸೆ ಹಾಕುತ್ತಾರೆ. "ಒಡೆಯೋಕೆ ಬಂದೋರ ಕೈ ಸ್ವಲ್ಪನಾದ್ರೂ ಸೋಲ್ಬೇಕು. ನಮ್ಮಮ್ಮ ಹಾಕಿದ್ದು ಹೇಗೂ ಸೋಲಿಸುತ್ತೆ. ನಾನು ಹಾಕಿದ್ ತುಂಡೂ ಅದ್ರ ಜೊತೆ ನಿಲ್ಬೇಕು, ಅಷ್ಟೇ."